ಗೋವಾದ ಬಾಡಿಗೆ ಮನೆಯಲ್ಲಿ ಅಡುಗೆ ಮಾಡಿಕೊಂಡು ಉಳಿಯಲು ಏನೇನು ಕಟ್ಟಿಕೊಳ್ಳಬೇಕು?

ಮೇ ತಿಂಗಳ ರಜೆಯೋ ಡಿಸೆಂಬರಿನ ಕೊನೆಯ ವಾರವೋ ಹತ್ತಿರವಾಯಿತೆಂದರೆ ಮುಂಬೈ, ಠಾಣೆ, ಡೊಂಬಿವಲಿ, ಪುಣೆಗಳ ಕನ್ನಡ ಕುಟುಂಬಗಳಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಗೋವಾದಲ್ಲಿ ಹೋಟೆಲಿನ ಬದಲು ಅಡುಗೆಮನೆಯಿರುವ ಮನೆಯನ್ನೇ ಬಾಡಿಗೆಗೆ ಹಿಡಿದಿದ್ದೇವೆ, ಜೊತೆಯಲ್ಲಿ ಮಕ್ಕಳೂ ಹಿರಿಯರೂ ಇದ್ದಾರೆ, ಇಲ್ಲಿಂದ ಏನೇನು ಕಟ್ಟಿಕೊಂಡು ಹೋಗಬೇಕು ಎಂಬುದೇ ಆ ಪ್ರಶ್ನೆ. ಹೀಗೆ ಹೋಗುವವರಲ್ಲಿ ಹೆಚ್ಚಿನವರು ಅಲ್ಲಿನ ಪ್ರತಿ ಅಂಗಡಿಯಲ್ಲೂ ಸಿಗುವ ಅಕ್ಕಿ, ಬೇಳೆ, ಸಕ್ಕರೆಗಳನ್ನು ವಾರಕ್ಕಾಗುವಷ್ಟು ಹೊತ್ತುಕೊಂಡು ಹೋಗುತ್ತಾರೆ. ಆದರೆ ಕುಕ್ಕರಿನ ಗ್ಯಾಸ್ಕೆಟ್, ಹರಿತವಾದ ಚಾಕು, ಬೆಂಕಿಪೊಟ್ಟಣ, ಸಾರಿನ ಪುಡಿ ಮನೆಯಲ್ಲೇ ಉಳಿದಿರುತ್ತವೆ. ಆದ್ದರಿಂದ ಚೀಲಕ್ಕೆ ಹಾಕುವ ಒಂದೊಂದು ವಸ್ತುವಿನ ಬಗ್ಗೆಯೂ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದಿಲ್ಲದಿದ್ದರೆ ಮೊದಲ ದಿನದ ಅಡುಗೆ ನಿಂತುಹೋಗುತ್ತದೆಯೇ? ಇದು ಗೋವಾದಲ್ಲಿ ಸಿಗುವುದು ಕಷ್ಟವೇ? ಎರಡಕ್ಕೂ ಉತ್ತರ ಇಲ್ಲವೆಂದಾದರೆ ಆ ವಸ್ತುವನ್ನು ಮನೆಯಲ್ಲೇ ಬಿಡಿ. ಈ ಲೇಖನದಲ್ಲಿ ನಾಲ್ಕೈದು ಜನರ ಕುಟುಂಬವೊಂದು ಐದಾರು ದಿನ ಉಳಿಯುತ್ತದೆ ಎಂದು ಇಟ್ಟುಕೊಂಡು ಲೆಕ್ಕ ಕೊಟ್ಟಿದ್ದೇನೆ. ನಿಮ್ಮ ಮನೆಯ ಊಟದ ರೂಢಿಗೆ ತಕ್ಕಂತೆ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು.

1. ಚೀಲ ತೆರೆಯುವ ಮೊದಲು ಮನೆಯ ಮಾಲೀಕರನ್ನು ಕೇಳಿ

ಬಾಡಿಗೆ ಮನೆಗಳ ಜಾಹೀರಾತಿನಲ್ಲಿ ಕಾಣುವ ‘ಕಿಚನೆಟ್’ ಎಂಬ ಪದವನ್ನು ಪೂರ್ಣ ಅಡುಗೆಮನೆ ಎಂದು ತಿಳಿಯಬೇಡಿ. ಕೋಣೆಯ ಒಂದು ಮೂಲೆಯಲ್ಲಿ ನಲ್ಲಿಯ ತೊಟ್ಟಿ, ಸಣ್ಣ ಫ್ರಿಜ್ ಮತ್ತು ಚಹಾ ಕಾಯಿಸುವಷ್ಟು ಒಲೆ ಇದ್ದರೂ ಅದನ್ನು ಕಿಚನೆಟ್ ಎಂದೇ ಬರೆಯುತ್ತಾರೆ. ‘ಫುಲ್ಲಿ ಎಕ್ವಿಪ್ಡ್ ಕಿಚನ್’ ಎಂದು ಬರೆದಿದ್ದರೂ ಅಲ್ಲಿ ನಾಲ್ಕು ತಟ್ಟೆ, ಒಂದು ಬಾಣಲೆ ಬಿಟ್ಟು ಬೇರೇನೂ ಇಲ್ಲದಿರಬಹುದು. ಹೀಗಾಗಿ ಅಡುಗೆಮನೆಯ ಕಪಾಟುಗಳನ್ನು ತೆರೆದಿಟ್ಟು ತೆಗೆದ ಫೋಟೋಗಳನ್ನು ವಾಟ್ಸಾಪಿನಲ್ಲಿ ಕಳುಹಿಸುವಂತೆ ಕೇಳುವುದೇ ಸರಿಯಾದ ದಾರಿ. ಫೋಟೋ ನೋಡಿದ ಮೇಲೆ ಉಳಿಯುವ ಪ್ರಶ್ನೆಗಳು ಹೆಚ್ಚಿರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಒಲೆಯ ಪ್ರಶ್ನೆ. ಅದು ಗ್ಯಾಸಿನದೋ ಇಂಡಕ್ಷನ್ನೋ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಇಂಡಕ್ಷನ್ ಒಲೆಯು ಕಾಂತಕ್ಷೇತ್ರದ ಮೂಲಕ ಪಾತ್ರೆಯ ತಳವನ್ನೇ ಬಿಸಿ ಮಾಡುವುದರಿಂದ ಅದರ ಮೇಲೆ ಅಯಸ್ಕಾಂತ ಅಂಟುವ, ಚಪ್ಪಟೆ ತಳದ ಪಾತ್ರೆಗಳಷ್ಟೇ ಕೆಲಸ ಮಾಡುತ್ತವೆ. ನಿಮ್ಮ ಹಳೆಯ ಅಲ್ಯೂಮಿನಿಯಂ ಕುಕ್ಕರನ್ನು ಅದರ ಮೇಲಿಟ್ಟರೆ ಒಲೆ ಹೊತ್ತುವುದೇ ಇಲ್ಲ. ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತದ ಗೊಂಬೆಯೊಂದನ್ನು ಪಾತ್ರೆಯ ತಳಕ್ಕೆ ಹಿಡಿದು ನೋಡಿದರೆ ಇದು ಮನೆಯಲ್ಲೇ ಗೊತ್ತಾಗುತ್ತದೆ. ಗ್ಯಾಸ್ ಒಲೆಯಾದರೆ ಸಿಲಿಂಡರ್ ನಡುವೆ ಖಾಲಿಯಾದಾಗ ಬದಲಿ ಇದೆಯೇ, ಅದರ ಹಣವನ್ನು ಯಾರು ಕೊಡಬೇಕು ಎಂದು ಕೇಳಿಡಿ.

ಮೀನು, ಮಾಂಸ ಬೇಯಿಸುವವರು ಅದಕ್ಕೆ ಒಪ್ಪಿಗೆ ಇದೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಬೇಕು. ಗೋವಾ ಎಂದ ಮೇಲೆ ಮೀನಿಗೆ ಯಾರು ಅಡ್ಡಿ ಮಾಡುತ್ತಾರೆ ಎಂದು ಅನೇಕರು ಊಹಿಸುತ್ತಾರೆ; ಆದರೆ ತಮ್ಮ ವಾಸದ ಮನೆಯ ಒಂದು ಭಾಗವನ್ನೇ ಬಾಡಿಗೆಗೆ ಕೊಡುವ ಕೆಲವು ಕುಟುಂಬಗಳು ಅಡುಗೆಮನೆಯಲ್ಲಿ ಸಸ್ಯಾಹಾರವನ್ನಷ್ಟೇ ಒಪ್ಪುತ್ತವೆ. ಕುಡಿಯುವ ನೀರಿಗೆ ಫಿಲ್ಟರ್ ಇದೆಯೇ ಅಥವಾ 20 ಲೀಟರಿನ ಕ್ಯಾನ್ ತರಿಸಬೇಕೇ, ಹತ್ತಿರದ ಕಿರಾಣಿ ಅಂಗಡಿ ನಡೆದುಹೋಗುವಷ್ಟು ದೂರದಲ್ಲಿದೆಯೇ, ಮಿಕ್ಸರ್ ಇದೆಯೇ, ಹೊದಿಕೆ ಮತ್ತು ಟವೆಲ್ ಎಷ್ಟು ಜನರಿಗೆ ಕೊಡುತ್ತಾರೆ ಎಂಬುವೂ ಇದೇ ಸಂದೇಶದಲ್ಲಿ ಸೇರಲಿ. ಕರೆಂಟು ಹೋದರೆ ಇನ್ವರ್ಟರ್ ಇದೆ ಎಂಬ ಉತ್ತರ ಬಂದರೆ ಅದು ದೀಪ ಮತ್ತು ಫ್ಯಾನಿಗೆ ಮಾತ್ರ ಎಂದು ತಿಳಿಯಿರಿ. ಇಂಡಕ್ಷನ್ ಒಲೆ, ಗೀಸರ್‌ಗಳನ್ನು ಮನೆಬಳಕೆಯ ಇನ್ವರ್ಟರ್ ನಡೆಸುವುದಿಲ್ಲ.

2. ಹೇಗೆ ಹೋಗುತ್ತೀರಿ ಎಂಬುದನ್ನು ನೋಡಿ ಸಾಮಾನಿನ ಮಿತಿ ಹಾಕಿಕೊಳ್ಳಿ

ರೈಲಿನಲ್ಲಿ ಹೋಗುವವರಿಗೆ ತೂಕಕ್ಕಿಂತ ಚೀಲಗಳ ಸಂಖ್ಯೆಯೇ ದೊಡ್ಡ ತೊಂದರೆ. ಸ್ಲೀಪರ್ ಮತ್ತು ಮೂರನೆಯ ದರ್ಜೆಯ ಎ.ಸಿ.ಯಲ್ಲಿ ಒಬ್ಬರಿಗೆ 40 ಕೆ.ಜಿ.ವರೆಗೆ ಉಚಿತ ಸಾಮಾನಿಗೆ ಅವಕಾಶವಿದೆ; ಅಷ್ಟನ್ನು ಹೊರುವ ಕುಟುಂಬ ವಿರಳ. ಆದರೆ ಉತ್ತರ ಗೋವಾಕ್ಕೆ ಹೋಗುವವರು ಇಳಿಯುವ ತಿವಿಂನಲ್ಲಿಯೂ ಪಣಜಿಗೆ ಹೋಗುವವರು ಇಳಿಯುವ ಕರ್ಮಳಿಯಲ್ಲಿಯೂ ಗಾಡಿ ನಿಲ್ಲುವುದು ಕೆಲವೇ ನಿಮಿಷ. ಅಷ್ಟರಲ್ಲಿ ಮಕ್ಕಳನ್ನೂ ಹಿರಿಯರನ್ನೂ ಇಳಿಸಿಕೊಂಡು ಹತ್ತು ಹನ್ನೆರಡು ಸಣ್ಣ ಕೈಚೀಲಗಳನ್ನು ಎಣಿಸಿ ಇಳಿಸುವುದು ಆಗದ ಮಾತು. ದೊಡ್ಡವರಿಗೆ ತಲಾ ಒಂದು ಚೀಲ, ಜೊತೆಗೆ ಅಡುಗೆಯದೊಂದು ಚೀಲ, ಇಷ್ಟಕ್ಕೇ ಮಿತಿ ಹಾಕಿಕೊಳ್ಳಿ.

ಗಾಡಿ ಯಾವ ಹೊತ್ತಿಗೆ ತಲುಪುತ್ತದೆ ಎಂಬುದೂ ನಿಮ್ಮ ಚೀಲವನ್ನು ನಿರ್ಧರಿಸುತ್ತದೆ. ಮುಂಬೈಯಿಂದ ರಾತ್ರಿ ಹೊರಡುವ ಕೊಂಕಣ ಕನ್ಯಾ ಬೆಳಗಿನ ಹೊತ್ತಿಗೆ ಗೋವಾ ಸೇರುವುದರಿಂದ ದಾರಿಯಲ್ಲೇ ಹಾಲು, ತರಕಾರಿ ಕೊಂಡು ಮನೆಗೆ ಹೋಗಬಹುದು. ಬೆಳಿಗ್ಗೆ ಹೊರಡುವ ಮಾಂಡವಿ ಎಕ್ಸ್‌ಪ್ರೆಸ್ ಮಡಗಾಂವ್ ತಲುಪುವುದು ರಾತ್ರಿ. ಮನೆ ಸೇರುವ ಹೊತ್ತಿಗೆ ಹಳ್ಳಿಯ ಅಂಗಡಿಗಳು ಬಾಗಿಲು ಹಾಕಿರಬಹುದು. ಮಳೆಗಾಲದಲ್ಲಿ ಕೊಂಕಣ ರೈಲ್ವೆಯು ಗಾಡಿಗಳ ವೇಗ ತಗ್ಗಿಸಿ ಬೇರೆಯೇ ವೇಳಾಪಟ್ಟಿಯನ್ನು ನಡೆಸುತ್ತದೆಯಾದ್ದರಿಂದ ತಲುಪುವ ಹೊತ್ತು ಇನ್ನೂ ತಡವಾಗುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಸಣ್ಣ ಗ್ಯಾಸ್ ಸಿಲಿಂಡರ್, ಸೀಮೆಎಣ್ಣೆ, ಸ್ಪಿರಿಟ್ ಒಲೆ ಮುಂತಾದ ಬೆಂಕಿ ಹತ್ತುವ ವಸ್ತುಗಳನ್ನು ರೈಲಿನಲ್ಲಿ ಒಯ್ಯುವುದು ಅಪರಾಧ. 1989ರ ರೈಲ್ವೆ ಕಾಯ್ದೆಯ 164ನೆಯ ಕಲಮಿನಂತೆ ಇದಕ್ಕೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಕಾರಿನಲ್ಲಿ ಹೋಗುವವರೂ ಸಿಲಿಂಡರನ್ನು ಡಿಕ್ಕಿಯಲ್ಲಿಟ್ಟುಕೊಂಡು ಬಿಸಿಲಿನಲ್ಲಿ ಹತ್ತು ಗಂಟೆ ಓಡಿಸುವ ಯೋಚನೆಯನ್ನು ಬಿಡಬೇಕು. ಕಡಲ ದಂಡೆಯಲ್ಲಿ ಒಲೆ ಹಚ್ಚಿ ಅಡುಗೆ ಮಾಡಬಹುದೆಂಬ ಆಸೆಯೂ ಬೇಡ. ಪ್ರವಾಸಿ ತಾಣಗಳಲ್ಲಿ ಬಯಲಿನಲ್ಲಿ ಅಡುಗೆ ಮಾಡುವುದಕ್ಕೆ ಗೋವಾ 2019ರಲ್ಲಿ ಕಾನೂನು ತಿದ್ದಿ ದಂಡ ಗೊತ್ತುಪಡಿಸಿದೆ.

ವಿಮಾನದಲ್ಲಿ ಹೋಗುವವರಿಗೆ ಸಾಮಾನ್ಯವಾಗಿ 15 ಕೆ.ಜಿ. ಚೆಕ್-ಇನ್ ಸಾಮಾನು, ಅಂದರೆ ವಿಮಾನದ ಹೊಟ್ಟೆಯಲ್ಲಿ ಹೋಗುವ ಚೀಲ, ಉಚಿತವಾಗಿರುತ್ತದೆ. ಚಾಕು, ಕತ್ತರಿ, ತುರಿಮಣೆಗಳು ಆ ಚೀಲದಲ್ಲೇ ಇರಬೇಕು. ಬೆಂಕಿಪೊಟ್ಟಣವನ್ನು ಎರಡರಲ್ಲಿಯೂ ಒಯ್ಯುವಂತಿಲ್ಲ. ಒಣ ಕೊಬ್ಬರಿಗೂ ಇದೇ ನಿಷೇಧವಿದೆ. ಅದರಲ್ಲಿ ಎಣ್ಣೆಯಂಶ ಹೆಚ್ಚಿರುವುದರಿಂದ ಅದನ್ನು ಬೆಂಕಿ ಹತ್ತುವ ವಸ್ತುಗಳ ಗುಂಪಿಗೆ ಸೇರಿಸಿದ್ದಾರೆ. ಚೀಲ ತೆರೆಸಿ ಕೊಬ್ಬರಿ ಬಟ್ಟಲನ್ನು ತೆಗೆಸಿದಾಗ ಸಿಬ್ಬಂದಿಯೊಡನೆ ವಾದ ಮಾಡಿ ಪ್ರಯೋಜನವಿಲ್ಲ.

ಪುಣೆಯಿಂದ ಕಾರಿನಲ್ಲಿ ಹೋಗುವವರ ಕೈ ಸ್ವಲ್ಪ ಸಡಿಲ. ನಿಪ್ಪಾಣಿ ದಾಟಿ ಆಂಬೋಲಿ ಘಟ್ಟ ಇಳಿದು ಸಾವಂತವಾಡಿಯ ಮೂಲಕ ಹೋಗುವವರೂ ಬೆಳಗಾವಿಗೆ ಬಂದು ಚೋರ್ಲಾ ಘಟ್ಟ ಇಳಿಯುವವರೂ ಇದ್ದಾರೆ. ಬೆಳಗಾವಿಯ ದಾರಿ ಹಿಡಿದರೆ ತರಕಾರಿಯನ್ನು ಅಲ್ಲೇ ಕೊಳ್ಳುವುದು ಜಾಣತನ. ಗೋವಾದ ಪೇಟೆಗೆ ಬರುವ ತರಕಾರಿಯ ಬಹುಭಾಗ ಬೆಳಗಾವಿಯಿಂದಲೇ ಘಟ್ಟ ಇಳಿದು ಬರುತ್ತದೆ. ಘಟ್ಟದ ತಿರುವುಗಳಲ್ಲಿ ಮಕ್ಕಳಿಗೆ ವಾಂತಿಯಾಗುವುದು ಸಾಮಾನ್ಯವಾದ್ದರಿಂದ ಒಂದೆರಡು ಗಟ್ಟಿ ಚೀಲ, ಒದ್ದೆ ಬಟ್ಟೆ, ನಿಂಬೆಹಣ್ಣು ಡಿಕ್ಕಿಗೆ ಹೋಗದೆ ಕೈಗೆಟುಕುವಲ್ಲಿರಲಿ.

3. ಅಡುಗೆಯ ಸಾಧನಗಳನ್ನು ಆರಿಸಿಕೊಳ್ಳಿ

ಬಾಡಿಗೆ ಮನೆಯಲ್ಲಿ ಪಾತ್ರೆಗಳು ಎಷ್ಟೇ ಇದ್ದರೂ ಕುಕ್ಕರ್ ಮಾತ್ರ ನಿಮ್ಮದೇ ಇರಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಾಲ್ಕೈದು ಜನರಿಗೆ ಐದು ಲೀಟರಿನ ಸ್ಟೀಲ್ ಕುಕ್ಕರ್ ಸಾಕು. ಅದರೊಳಗೆ ಅನ್ನ ಮತ್ತು ಬೇಳೆಯನ್ನು ಒಟ್ಟಿಗೆ ಬೇಯಿಸುವ ಎರಡು ಡಬ್ಬಿಗಳನ್ನು ಇಟ್ಟು, ಆ ಡಬ್ಬಿಗಳಲ್ಲಿ ಒಗ್ಗರಣೆಯ ಸಾಮಾನನ್ನು ತುಂಬಿ, ಮುಚ್ಚಳವನ್ನು ತಿರುಗಿಸಿಟ್ಟು ಬಟ್ಟೆಯಲ್ಲಿ ಸುತ್ತಿದರೆ ಅದು ಜಾಗ ತಿನ್ನುವುದಿಲ್ಲ. ವಿಷಲ್, ಅಂದರೆ ಮುಚ್ಚಳದ ಮೇಲೆ ಕೂರುವ ತೂಕದ ಬಿರಡೆಯನ್ನು, ಮತ್ತು ಗ್ಯಾಸ್ಕೆಟನ್ನು, ಅಂದರೆ ಮುಚ್ಚಳದೊಳಗಿನ ರಬ್ಬರ್ ಬಳೆಯನ್ನು, ಹೊರಡುವ ಹಿಂದಿನ ದಿನ ಒಮ್ಮೆ ಹಚ್ಚಿ ನೋಡಿ ಕುಕ್ಕರಿನೊಳಗೇ ಹಾಕಿಡಿ. ಗ್ಯಾಸ್ಕೆಟ್ ಹಳೆಯದಾಗಿದ್ದರೆ ಹೊಸದೊಂದನ್ನು ಕೊಳ್ಳಿ. ನಿಮ್ಮ ಕುಕ್ಕರಿನ ಅಳತೆಯ ಗ್ಯಾಸ್ಕೆಟನ್ನು ಬೇರೆ ಊರಿನಲ್ಲಿ ಹುಡುಕುತ್ತ ಅರ್ಧ ದಿನ ಕಳೆಯುವುದಕ್ಕಿಂತ ಇಲ್ಲಿಯೇ ಕೊಂಡರೆ ಲೇಸು.

ಚಾಕುವಿನ ವಿಷಯದಲ್ಲಿಯೂ ಹೀಗೆಯೇ. ಬಾಡಿಗೆ ಮನೆಯ ಚಾಕುವಿನಲ್ಲಿ ಈರುಳ್ಳಿ ಜಜ್ಜಬಹುದೇ ಹೊರತು ಹೆಚ್ಚಲಾಗುವುದಿಲ್ಲ. ಒಂದು ಹರಿತವಾದ ಚಾಕುವನ್ನು ಗಟ್ಟಿ ರಟ್ಟಿನಲ್ಲಿ ಸುತ್ತಿ ರಬ್ಬರ್ ಹಾಕಿ ಇಡಿ. ಕರಾವಳಿಯ ಮನೆಗಳಿಂದ ಬಂದವರು ಕೈಗೆ ರೂಢಿಯಾದ ತುರಿಮಣೆಯನ್ನು ಬಿಟ್ಟು ಹೊರಡಲು ಹಿಂಜರಿಯುತ್ತಾರೆ. ಅದನ್ನು ಹೊರುವ ಅಗತ್ಯವಿಲ್ಲ. ಗೋವಾದ ಊರಿನ ಮನೆಯಾದರೆ ಅಲ್ಲಿಯೇ ತುರಿಮಣೆ ಇರುವ ಸಂಭವ ಹೆಚ್ಚು. ಅಪಾರ್ಟ್‌ಮೆಂಟಾದರೆ ಕೈಯಲ್ಲಿ ಹಿಡಿದು ತುರಿಯುವ ಸಣ್ಣ ಸಾಧನ ಸಾಕು. ಒಗ್ಗರಣೆ ಸೌಟು, ಇಕ್ಕಳ, ಚಹಾ ಸೋಸುವ ಜರಡಿ, ಕಾಫಿ ಕುಡಿಯುವವರಿದ್ದರೆ ಸಣ್ಣ ಫಿಲ್ಟರ್, ಚಪಾತಿ ಬೇಕೆನ್ನುವವರಿದ್ದರೆ ಲಟ್ಟಣಿಗೆ, ಇವು ಪಟ್ಟಿಯಲ್ಲಿರಲಿ. ಮಣೆ ಬೇಡ, ಒಲೆಯ ಕಟ್ಟೆಯನ್ನೇ ಒರೆಸಿಕೊಂಡು ಲಟ್ಟಿಸಬಹುದು.

ಮಿಕ್ಸರ್ ಒಯ್ಯಬೇಕೇ ಎಂದು ಬಹಳ ಜನ ಕೇಳುತ್ತಾರೆ. ಬೇಡ. ರಜೆಯ ದಿನಗಳಲ್ಲಿ ತೆಂಗಿನಕಾಯಿ ರುಬ್ಬುವ ಅಡುಗೆಯನ್ನು ಕೈಬಿಟ್ಟು ಬೇಳೆಸಾರು, ಪಲ್ಯ, ಚಿತ್ರಾನ್ನ, ಮೊಸರನ್ನ, ಉಪ್ಪಿಟ್ಟುಗಳಲ್ಲಿ ದಿನ ಕಳೆಯುವುದು ಅಡುಗೆ ಮಾಡುವವರಿಗೂ ರಜೆ ಸಿಕ್ಕಂತೆ. ಅಡುಗೆಯವರೆಂದರೆ ಮನೆಯ ಹೆಂಗಸರು ಮಾತ್ರವೇ ಎಂಬ ಪ್ರಶ್ನೆಯನ್ನೂ ಚೀಲ ಕಟ್ಟುವಾಗಲೇ ಇತ್ಯರ್ಥ ಮಾಡಿಕೊಂಡರೆ ಒಳ್ಳೆಯದು. ಯಾವ ದಿನ ಯಾರ ಸರದಿ ಎಂದು ಬರೆದು ಒಯ್ಯಿರಿ.

ಊಟಕ್ಕೆ ಸ್ಟೀಲ್ ತಟ್ಟೆ ಲೋಟಗಳನ್ನೇ ಬಳಸಿ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಿದೆ. ಪಾತ್ರೆ ತೊಳೆಯುವುದನ್ನು ತಪ್ಪಿಸಬೇಕೆಂದಿದ್ದರೆ ಅಡಿಕೆ ಹಾಳೆಯ ತಟ್ಟೆಗಳನ್ನೋ ಮುತ್ತುಗದ ಎಲೆಗಳನ್ನೋ ಒಂದು ಕಟ್ಟು ಇಟ್ಟುಕೊಳ್ಳಬಹುದು, ಅವು ಹಗುರ. ಪಾತ್ರೆ ತಿಕ್ಕುವ ಹೊಸ ನಾರು, ಸೋಪಿನ ಒಂದು ತುಂಡು, ಎರಡು ಒರೆಸುವ ಬಟ್ಟೆ, ವಿಮಾನದಲ್ಲಿ ಹೋಗದವರಾದರೆ ಬೆಂಕಿಪೊಟ್ಟಣ, ಹತ್ತಿಪ್ಪತ್ತು ರಬ್ಬರ್ ಬ್ಯಾಂಡ್, ಇವನ್ನೆಲ್ಲ ಒಂದೇ ಪುಟ್ಟ ಚೀಲಕ್ಕೆ ಹಾಕಿ.

4. ಮೊದಲ ದಿನದ ಚೀಲವನ್ನು ಬೇರೆಯಾಗಿ ಕಟ್ಟಿ

ಇಡೀ ತಯಾರಿಯಲ್ಲಿ ಹೆಚ್ಚು ಗಮನ ಬೇಡುವ ಹಂತ ಇದೇ. ಮನೆ ತಲುಪಿದ ಹೊತ್ತಿನಿಂದ ಮರುದಿನ ಮಧ್ಯಾಹ್ನದವರೆಗೆ ಅಂಗಡಿಗೆ ಹೋಗದೆ ನಡೆಯುವಷ್ಟು ಸಾಮಾನು ಒಂದೇ ಚೀಲದಲ್ಲಿರಬೇಕು, ಮತ್ತು ಆ ಚೀಲ ಎಲ್ಲಕ್ಕಿಂತ ಮೇಲಿರಬೇಕು. ದಣಿದ ಮಕ್ಕಳು ಹಸಿವಿನಿಂದ ಅಳುತ್ತಿರುವಾಗ ಬಟ್ಟೆಯ ಚೀಲದ ತಳದಿಂದ ಉಪ್ಪಿನ ಡಬ್ಬಿಯನ್ನು ಹುಡುಕುವ ಪಾಡು ಯಾರಿಗೂ ಬೇಡ.

ಬೇಯಿಸದ ಅಕ್ಕಿಯನ್ನು ಒಬ್ಬರಿಗೆ ಒಂದು ಹೊತ್ತಿಗೆ 75ರಿಂದ 100 ಗ್ರಾಂ ಎಂದು ಲೆಕ್ಕ ಹಾಕಿದರೆ ಐದು ಜನರ ಎರಡು ಊಟಕ್ಕೆ ಒಂದು ಕೆ.ಜಿ. ಧಾರಾಳವಾಯಿತು. ಅದಕ್ಕೆ ಕಾಲು ಕೆ.ಜಿ. ತೊಗರಿಬೇಳೆ, ನಾಲ್ಕು ಈರುಳ್ಳಿ, ನಾಲ್ಕು ಆಲೂಗೆಡ್ಡೆ, ಎರಡು ನಿಂಬೆಹಣ್ಣು, ತೊಳೆದು ಒರೆಸಿ ಕಾಗದದಲ್ಲಿ ಸುತ್ತಿದ ಕರಿಬೇವು ಸೇರಲಿ. ಟೊಮೆಟೊ ಬೇಡ, ದಾರಿಯಲ್ಲಿ ಒಡೆದು ಉಳಿದದ್ದನ್ನೂ ಹಾಳು ಮಾಡುತ್ತದೆ. ಮರುದಿನ ಬೆಳಗಿನ ತಿಂಡಿಗೆ ಮನೆಯಲ್ಲೇ ಹುರಿದು ಆರಿಸಿದ ಅರ್ಧ ಕೆ.ಜಿ. ರವೆಯನ್ನೋ, ಹುಣಸೆ, ಬೆಲ್ಲ, ಸಾರಿನ ಪುಡಿ ಬೆರೆಸಿ ಒಣಗಿಸಿದ ಗೊಜ್ಜವಲಕ್ಕಿಯನ್ನೋ ಇಟ್ಟುಕೊಳ್ಳಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಈ ಚಿಂತೆ ಕಡಿಮೆ. ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಡಬ್ಬಿಯಲ್ಲಿದ್ದರೆ ಒಲೆ ಹಚ್ಚುವುದೇ ಬೇಕಾಗಿಲ್ಲ, ಮೊಸರೊಂದು ಸಿಕ್ಕರೆ ಸಾಕು.

ಹಾಲಿಗೆ ಯು.ಎಚ್.ಟಿ. ಪೊಟ್ಟಣ ಅನುಕೂಲ. ಇದು ಹೆಚ್ಚಿನ ಉಷ್ಣತೆಯಲ್ಲಿ ಕೆಲವೇ ಕ್ಷಣ ಕಾಯಿಸಿ ಗಾಳಿಯಾಡದ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿದ ಹಾಲಾದ್ದರಿಂದ ಪೊಟ್ಟಣ ತೆರೆಯುವವರೆಗೆ ಫ್ರಿಜ್ ಬೇಡ. ಒಂದು ಲೀಟರಿನ ಒಂದು ಪೊಟ್ಟಣವಿದ್ದರೆ ರಾತ್ರಿ ಮಗುವಿಗೂ ಬೆಳಗಿನ ಕಾಫಿಗೂ ಆಯಿತು. ಪ್ಲಾಸ್ಟಿಕ್ ಚೀಲದ ಸಾಮಾನ್ಯ ಹಾಲನ್ನು ಮುಂಬೈಯಿಂದ ಒಯ್ಯಬೇಡಿ.

5. ಅಲ್ಲಿ ಸುಲಭವಾಗಿ ಸಿಗದದ್ದನ್ನು ಮಾತ್ರ ವಾರಕ್ಕಾಗುವಷ್ಟು ಒಯ್ಯಿರಿ

ಈ ಪಟ್ಟಿ ಚಿಕ್ಕದು. ನಿಮ್ಮ ಮನೆಯ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ತಲಾ 100 ಗ್ರಾಂ. ಚಿಕೋರಿ ಬೆರೆಸಿದ ಕಾಫಿಪುಡಿ ಇಬ್ಬರು ಮೂವರು ಕುಡಿಯುವವರಿದ್ದರೆ ಕಾಲು ಕೆ.ಜಿ.; ಮಗುವಿಗೆ ರೂಢಿಯಾದ ರಾಗಿ ಹಿಟ್ಟು; ಒಂದು ಸಣ್ಣ ಬಾಟಲಿ ಉಪ್ಪಿನಕಾಯಿ. ಗೋವಾದ ಅಂಗಡಿಗಳಲ್ಲಿ ಮಸಾಲೆಪುಡಿಗಳಿಗೆ ಕೊರತೆ ಇಲ್ಲವಾದರೂ ಅವು ಅಲ್ಲಿನ ಅಡುಗೆಗೆ ತಕ್ಕವು; ಅವುಗಳಿಂದ ನಿಮ್ಮ ಮನೆಯ ಸಾರು ಆಗುವುದಿಲ್ಲ. ಪುಡಿ ಮಾಡಲು ಬಿಡುವಿಲ್ಲದ ಮುಂಬೈಯವರು ಮಾಟುಂಗಾದ ದಕ್ಷಿಣದ ಅಂಗಡಿಗಳಲ್ಲಿಯೂ ಪುಣೆಯವರು ರಾಸ್ತಾಪೇಟೆಯಲ್ಲಿಯೂ ಇವನ್ನು ಕೊಳ್ಳಬಹುದು.

ಸಾಸಿವೆ, ಜೀರಿಗೆ, ಇಂಗು, ಅರಿಸಿನ, ಒಣಮೆಣಸಿನಕಾಯಿ, ಮೆಂತ್ಯ ಅಲ್ಲಿಯೂ ಸಿಗುತ್ತವೆ. ಆದರೆ ಆರು ಬಗೆಯ ಪೊಟ್ಟಣ ಕೊಂಡು ಚಮಚದಷ್ಟು ಬಳಸಿ ಉಳಿದದ್ದನ್ನು ಬಿಟ್ಟುಬರುವುದು ವ್ಯರ್ಥ. ಮಸಾಲೆ ಡಬ್ಬಿಯನ್ನೇ ಎತ್ತಿಕೊಂಡು ಹೋಗುವುದು ಮಾತ್ರ ತಪ್ಪು. ಅದರೊಳಗಿನ ಬಟ್ಟಲುಗಳು ಮಗುಚಿ ಸಾಸಿವೆ ಅರಿಸಿನ ಒಂದಾಗುತ್ತವೆ. ಖಾಲಿ ಔಷಧದ ಬಾಟಲಿಗಳನ್ನೋ ಸಣ್ಣ ತಿರುಪಿನ ಡಬ್ಬಿಗಳನ್ನೋ ತೊಳೆದು ಒಣಗಿಸಿ ಹೆಸರು ಬರೆದು ಬಳಸಿ.

ಗೋವಾದ ಗಾಳಿಯಲ್ಲಿ ತೇವಾಂಶ ಹೆಚ್ಚು. ಹಪ್ಪಳ, ಅವಲಕ್ಕಿ, ಚಕ್ಕುಲಿಗಳು ಒಂದೇ ರಾತ್ರಿಯಲ್ಲಿ ಮೆತ್ತಗಾಗುತ್ತವೆ, ಉಪ್ಪು ನೀರೊಡೆಯುತ್ತದೆ. ಇರುವೆಯ ಕಾಟವೂ ಉಂಟು. ಆದ್ದರಿಂದ ಇವೆಲ್ಲ ಬಿಗಿ ಮುಚ್ಚಳದ ಡಬ್ಬಿಯಲ್ಲಿರಲಿ. ಬೆಲ್ಲ ಸಕ್ಕರೆಗಳ ಡಬ್ಬಿಯನ್ನು ಅಲ್ಲಿ ನೀರು ಹಾಕಿದ ತಟ್ಟೆಯಲ್ಲಿಡಿ. ಎಣ್ಣೆಯನ್ನು ರೈಲಿನಲ್ಲೂ ವಿಮಾನದಲ್ಲೂ ಒಯ್ಯುವ ಗೋಜಿಗೆ ಹೋಗಬೇಡಿ. ಒಗ್ಗರಣೆಗೆ ಮೊದಲ ದಿನ ತುಪ್ಪವೇ ಸಾಕು, ಮತ್ತು ಗಟ್ಟಿಯಾದ ತುಪ್ಪ ಸೋರುವುದು ಕಡಿಮೆ.

6. ಉಳಿದದ್ದನ್ನು ಗೋವಾದಲ್ಲೇ ಕೊಳ್ಳಿ

ಮಧ್ಯಾಹ್ನ ಒಂದರ ಸುಮಾರಿಗೆ ಗೋವಾದ ಹೆಚ್ಚಿನ ಸಣ್ಣ ಅಂಗಡಿಗಳು ಮುಚ್ಚಿ, ಊಟ ನಿದ್ದೆ ಮುಗಿದ ಮೇಲೆ ಮೂರು ನಾಲ್ಕು ಗಂಟೆಗೆ ಮತ್ತೆ ತೆರೆಯುತ್ತವೆ. ಮುಂಬೈಯ ರೂಢಿಯಲ್ಲಿ ಎರಡು ಗಂಟೆಗೆ ಅಕ್ಕಿ ತರಲು ಹೊರಟವರು ಬಾಗಿಲು ನೋಡಿಕೊಂಡು ಬರುತ್ತಾರೆ. ಬೇಕಾದ್ದನ್ನು ಬೆಳಿಗ್ಗೆಯೇ ತಂದಿಡಿ.

ಅಕ್ಕಿ, ಬೇಳೆ, ಎಣ್ಣೆ, ಸಾಬೂನುಗಳಿಗೆ ‘ಗೋವಾ ಬಾಗಾಯತದಾರ್’ ಎಂಬ ತೋಟಗಾರರ ಸಹಕಾರಿ ಸಂಸ್ಥೆಯ ಮಳಿಗೆಗಳು ಒಳ್ಳೆಯವು. ತರಕಾರಿಗೆ ರಾಜ್ಯದ ತೋಟಗಾರಿಕಾ ನಿಗಮದ ಗೂಡಂಗಡಿಗಳು ಊರೂರಲ್ಲಿವೆ, ದರ ಪೇಟೆಗಿಂತ ಕಡಿಮೆ. ಉತ್ತರ ಗೋವಾದಲ್ಲಿ ಉಳಿಯುವವರು ಮಾಪುಸಾದ ಶುಕ್ರವಾರದ ಸಂತೆಯನ್ನು ತಪ್ಪಿಸಬೇಡಿ. ಊರ ಬಾಳೆಹಣ್ಣು, ಕೆಂಪು ಹರಿವೆ, ಕೋಕಂ, ಮಡಕೆ, ಪೊರಕೆ ಎಲ್ಲವೂ ಅಲ್ಲಿ ಸಿಗುತ್ತವೆ. ಮಾಪುಸಾ, ಮಡಗಾಂವ್‌ಗಳ ಪೇಟೆಯಲ್ಲಿ ಕನ್ನಡ ಮಾತನಾಡುವ ವ್ಯಾಪಾರಿಗಳು ಧಾರಾಳವಾಗಿ ಇದ್ದಾರೆ. ಚೌಕಾಶಿಯನ್ನು ಕನ್ನಡದಲ್ಲೇ ಆರಂಭಿಸಿ ನೋಡಬಹುದು. ಕೈಯಲ್ಲಿ ಬಟ್ಟೆಯ ಎರಡು ಚೀಲಗಳಿರಲಿ. 120 ಮೈಕ್ರಾನಿಗಿಂತ ತೆಳುವಾದ ಪ್ಲಾಸ್ಟಿಕ್ ಕೈಚೀಲಗಳಿಗೆ 2022ರ ಕೊನೆಯಿಂದ ನಿಷೇಧವಿದೆ.

ಕುಚ್ಚಲಕ್ಕಿ ಉಣ್ಣುವ ತುಳುನಾಡಿನ ಮನೆಯವರು ಅಕ್ಕಿಯನ್ನು ಹೊತ್ತೊಯ್ಯಲೇಬಾರದು. ‘ಉಕಡೆ ತಾಂದೂಳ್’ ಎಂದು ಕೇಳಿದರೆ ಅದೇ ಜಾತಿಯ ಅಕ್ಕಿ ಸಿಗುತ್ತದೆ. ಬೆಳಗಿನ ತಿಂಡಿಯ ಭಾರವನ್ನು ಪೊದೇರ್, ಅಂದರೆ ಸೈಕಲ್ ಮೇಲೆ ಬುಟ್ಟಿ ಕಟ್ಟಿಕೊಂಡು ಹಾರ್ನ್ ಒತ್ತುತ್ತ ಬರುವ ಬ್ರೆಡ್ಡಿನವರು, ಇಳಿಸುತ್ತಾರೆ. ಅವರು ಬೆಳಿಗ್ಗೆಯೂ ಸಂಜೆಯೂ ಬರುತ್ತಾರೆ. ಅವರ ಬಳಿಯ ಪೊಯಿ, ಅಂದರೆ ತೌಡು ಸೇರಿದ ಗೋಧಿಯ ಟೊಳ್ಳು ಬ್ರೆಡ್, ಮಕ್ಕಳಿಗೆ ಮೈದಾ ಪಾವಿಗಿಂತ ಒಳ್ಳೆಯದು. ಯಾವ ಹೊತ್ತಿಗೆ ನಿಮ್ಮ ಬೀದಿಗೆ ಬರುತ್ತಾರೆ ಎಂದು ನೆರೆಯವರನ್ನು ಕೇಳಿ, ಚಿಲ್ಲರೆ ಹಣ ತಯಾರಾಗಿಟ್ಟುಕೊಳ್ಳಿ.

ಮೀನು ಕೊಳ್ಳುವವರು ತಿಂಗಳನ್ನು ನೋಡಿಕೊಳ್ಳಬೇಕು. ಮೀನು ಮರಿ ಮಾಡುವ ಕಾಲವೆಂದು ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಪಶ್ಚಿಮ ಕರಾವಳಿಯಲ್ಲಿ ನಿಷೇಧವಿರುವುದರಿಂದ ಆಗ ತಾಜಾ ಮೀನು ಕಡಿಮೆ, ಬೆಲೆ ಹೆಚ್ಚು. ಉಳಿದ ದಿನಗಳಲ್ಲಿ ನಿಮ್ಮ ಅಂಜಲ್ ಅಲ್ಲಿ ವಿಸ್ವಣ್, ಕಾಣೆ ಅಲ್ಲಿ ಮುಡ್ಡೋಶಿ. ಬಂಗುಡೆಯನ್ನು ಬಾಂಗಡೊ ಎಂದರೆ ಸಾಕು. ಮಾರುವವರ ಕೈಯಲ್ಲೇ ತುಂಡು ಮಾಡಿಸಿ, ಶುಚಿ ಮಾಡಿಸಿ ತನ್ನಿರಿ. ಮನೆಯ ತೊಟ್ಟಿಯಲ್ಲಿ ಹುರುಪೆ ತೆಗೆದರೆ ಕೊಳವೆ ಕಟ್ಟಿಕೊಳ್ಳುತ್ತದೆ. ಮೀನಿಗೆಂದೇ ಬಿಗಿ ಮುಚ್ಚಳದ ಒಂದು ಡಬ್ಬಿಯನ್ನು ಇಲ್ಲಿಂದ ಒಯ್ಯಿರಿ.

7. ಬಟ್ಟೆ, ಹಾಸಿಗೆ, ಔಷಧ

ಬಟ್ಟೆಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ತೆಳು ಹತ್ತಿಬಟ್ಟೆ ಮೂರು ಜೊತೆಯಿದ್ದು ಒಗೆದು ಹಾಕಿಕೊಳ್ಳುವ ಏರ್ಪಾಡಿದ್ದರೆ ವಾರ ಕಳೆಯುತ್ತದೆ. ಅದಕ್ಕಾಗಿ ಐದಾರು ಮೀಟರ್ ನೈಲಾನ್ ಹಗ್ಗ, ಹನ್ನೆರಡು ಕ್ಲಿಪ್ಪುಗಳು ಬೇಕು. ಮಳೆಗಾಲದಲ್ಲಿ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲವಾದ್ದರಿಂದ ಆಗ ಮಾತ್ರ ಇನ್ನೆರಡು ಜೊತೆ ಸೇರಿಸಿ. ಸಮುದ್ರಕ್ಕಿಳಿಯುವ ಬಟ್ಟೆ ಬೇರೆಯೇ ಇರಲಿ, ಮತ್ತು ಮರಳು ಹತ್ತಿದ ಒದ್ದೆ ಬಟ್ಟೆಗೆ ಒಂದು ರಬ್ಬರ್ ಲೇಪದ ಚೀಲವಿರಲಿ. ಮಾಲೀಕರು ಹೊದಿಕೆ ಕೊಡುತ್ತಾರೆಂದರೂ ಮಕ್ಕಳಿಗೂ ಹಿರಿಯರಿಗೂ ಒಂದೊಂದು ಹಗುರವಾದ ಹೊದಿಕೆ ನಿಮ್ಮದೇ ಇದ್ದರೆ ನಿದ್ದೆ ನೆಮ್ಮದಿಯದಾಗುತ್ತದೆ.

ನಿತ್ಯದ ಔಷಧಗಳನ್ನು ಬಿಡಿಸಿ ಡಬ್ಬಿಗೆ ಹಾಕದೆ ಮೂಲ ಸ್ಟ್ರಿಪ್ಪಿನಲ್ಲೇ, ವೈದ್ಯರ ಚೀಟಿಯ ಫೋಟೋದೊಡನೆ, ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಇವು ಕೈಚೀಲದಲ್ಲಿರಬೇಕು. ಜ್ವರದ ಔಷಧ, ಗಾಯದ ಪಟ್ಟಿ, ಸೊಳ್ಳೆಯ ಮುಲಾಮು, ನಾಲ್ಕೈದು ಓ.ಆರ್.ಎಸ್. ಪೊಟ್ಟಣ ಸೇರಲಿ. ಓ.ಆರ್.ಎಸ್. ಎಂದರೆ ಭೇದಿಯಾದಾಗ ದೇಹ ಕಳೆದುಕೊಂಡ ನೀರು ಮತ್ತು ಲವಣವನ್ನು ತುಂಬುವ ಪುಡಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ, ಸಾಮಾನ್ಯವಾಗಿ ಒಂದು ಲೀಟರಿಗೆ, ಇಡೀ ಪೊಟ್ಟಣವನ್ನು ಕರಗಿಸಬೇಕು. ಅರ್ಧ ಲೋಟ ನೀರಿಗೆ ಪೂರ್ತಿ ಪೊಟ್ಟಣ ಸುರಿದು ಮಗುವಿಗೆ ಕುಡಿಸುವುದು ಅಪಾಯಕರ. ರಟ್ಟಿನ ಪೆಟ್ಟಿಗೆಯ ಸಿಹಿ ಪಾನೀಯಗಳನ್ನು ಓ.ಆರ್.ಎಸ್.ನ ಬದಲಾಗಿ ಕೊಡಬೇಡಿ. ಆಂಬುಲೆನ್ಸಿಗೆ ಗೋವಾದಲ್ಲಿಯೂ 108.

ದೊಡ್ಡವರೆಲ್ಲರ ಗುರುತಿನ ಚೀಟಿ, ಒಂದು ಟಾರ್ಚ್, ಮೂರು ಸಂದಿನ ಎಕ್ಸ್‌ಟೆನ್ಷನ್ ಬೋರ್ಡ್ ಮರೆಯಬೇಡಿ. ಆ ಬೋರ್ಡು ಮೊಬೈಲಿಗೆ ಮಾತ್ರ. ಇಂಡಕ್ಷನ್ ಒಲೆಯನ್ನು ಅದಕ್ಕೆ ಸಿಕ್ಕಿಸಿದರೆ ತಂತಿ ಬಿಸಿಯಾಗಿ ಕರಗುತ್ತದೆ, ಒಲೆಗೆ ದಪ್ಪ ಪಿನ್ನಿನ 16 ಆಂಪಿಯರ್ ಸಾಕೆಟ್ಟೇ ಬೇಕು.

8. ಮನೆಗೆ ಕಾಲಿಟ್ಟಾಗ ಮತ್ತು ಬಿಡುವಾಗ

ಚೀಲ ಬಿಚ್ಚುವ ಮೊದಲು ಗ್ಯಾಸ್ ಹೊತ್ತುತ್ತದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ, ಫ್ರಿಜ್ ತಣ್ಣಗಾಗುತ್ತಿದೆಯೇ ನೋಡಿ, ಒಡೆದ ಪಾತ್ರೆ, ಕಲೆಯಾದ ಹಾಸಿಗೆಗಳಿದ್ದರೆ ಫೋಟೋ ತೆಗೆದು ಮಾಲೀಕರಿಗೆ ಆಗಲೇ ಕಳುಹಿಸಿ. ಕಾಶನ್ ಡಿಪಾಸಿಟ್, ಅಂದರೆ ಹಾನಿಯಾದರೆ ಹಿಡಿದುಕೊಳ್ಳಲು ಮೊದಲೇ ಪಡೆಯುವ ಠೇವಣಿಯ ಬಗ್ಗೆ ಕೊನೆಯ ದಿನ ತಕರಾರು ಏಳುವುದು ಈ ಫೋಟೋಗಳಿಲ್ಲದಾಗಲೇ. ವಿದ್ಯುತ್ತಿಗೆ ಬೇರೆ ಹಣವೆಂದು ಹೇಳಿದ್ದರೆ ಮೀಟರಿನ ಅಂಕಿಯ ಫೋಟೋವೂ ಬೇಕು. ಹಸಿ ಕಸ, ಒಣ ಕಸಗಳನ್ನು ಗೋವಾದಲ್ಲಿ ಬೇರೆ ಬೇರೆಯಾಗಿಯೇ ಒಯ್ಯುತ್ತಾರೆ. ಯಾವ ದಿನ ಯಾವುದು ಎಂದು ಕೇಳಿಟ್ಟುಕೊಂಡು, ಮೀನಿನ ಕಸವನ್ನು ಹೊರಡುವ ದಿನಕ್ಕೆ ಉಳಿಸದೆ ಮುಗಿಸಿ.

ಹೊರಡುವ ಹಿಂದಿನ ದಿನದಿಂದ ಹೊಸದೇನನ್ನೂ ಕೊಳ್ಳದೆ ಇದ್ದದ್ದರಲ್ಲೇ ಅಡುಗೆ ಮಾಡಿ. ಮನೆಯನ್ನು ಬೆಳಿಗ್ಗೆ ಹತ್ತು ಹನ್ನೊಂದಕ್ಕೆ ಬಿಡಬೇಕಾಗುತ್ತದೆ, ಆದರೆ ಮುಂಬೈಗೆ ಮರಳುವ ಕೊಂಕಣ ಕನ್ಯಾ ಮಡಗಾಂವ್ ಬಿಡುವುದು ಸಂಜೆ. ನಡುವಿನ ಹೊತ್ತಿಗೆ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡರೆ ಒಂದು ಊಟದ ಚಿಂತೆ ತೀರಿತು. ಚೀಲಗಳನ್ನು ನಿಲ್ದಾಣದ ಕ್ಲೋಕ್‌ರೂಮಿನಲ್ಲಿ, ಅಂದರೆ ಹಣ ಕೊಟ್ಟು ಸಾಮಾನು ಇಡುವ ಕೋಣೆಯಲ್ಲಿ, ಬಿಡುವ ಯೋಚನೆಯಿದ್ದರೆ ಪ್ರತಿ ಚೀಲಕ್ಕೂ ಬೀಗವಿರಬೇಕು. ಬೀಗವಿಲ್ಲದ ಚೀಲವನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಮುಂಬೈಯಿಂದ ಹೊರಡುವಾಗಲೇ ಚೀಲಕ್ಕೊಂದರಂತೆ ಸಣ್ಣ ಬೀಗಗಳನ್ನೂ ಅವುಗಳ ಕೀಲಿಗಳನ್ನೂ ಇಟ್ಟುಕೊಂಡಿರಿ.